ಅಪ್ಪನಿಗೆ ಸ್ಟ್ರೋಕ್ ಆಗಿ ಇವತ್ತಿಗೆ ಎಂಟು ದಿನ: ಯಾಕಾಯ್ತು, ಉಳೀತಾರಾ, ಮುಂದೇನು?

ತುಂಗಾತೀರ (ಸೋಮವಾರ, ರಾತ್ರಿ 10:20)

ಎಲ್ಲರಿಗೂ ನಮಸ್ಕಾರ. ಅಡಿಕೆ ಧಾರಣೆ, ಕೊಳೆರೋಗ ಅಂತ ಇಲ್ಲಿ ಓದಿಕೊಂಡು ಹೋಗ್ತಿದ್ದವನು ನಾನು. ಬರೆಯೋದು ಇದೇ ಮೊದಲು. ಆಸ್ಪತ್ರೆ ಹೊರಗಿನ ಬೆಂಚಿನ ಮೇಲೆ ಕೂತು ಬರೀತಿದ್ದೇನೆ.

ನಮ್ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ. ಅಪ್ಪನಿಗೆ 67. ಹಿಂದಿನ ಭಾನುವಾರ ಬೆಳಗಿನ ಜಾವ ಐದೂವರೆಗೆ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋಗಿದ್ದರು. ಚೊಂಬು ಬಿದ್ದ ಸದ್ದಿಗೆ ಅಮ್ಮ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ. ಬಲಗೈ ಎತ್ತೋಕೆ ಬರ್ತಿಲ್ಲ, ಬಾಯಿ ಎಡಕ್ಕೆ ಎಳೆದಿದೆ, ಏನೋ ಹೇಳೋಕೆ ಹೋದರೆ ಮಾತೇ ಆಗ್ತಿಲ್ಲ. "ಎಲ್ಲಾದ್ರೂ ನೋವುಂಟಾ?" ಅಂದಿದ್ದಕ್ಕೆ ಇಲ್ಲ ಅಂತ ತಲೆ ಆಡಿಸಿದರಂತೆ. ನೋವಿಲ್ಲ ಅಂದ ಮೇಲೆ ಪಿತ್ತ ಏರಿರಬೇಕು ಅಂದುಕೊಂಡು ಅಮ್ಮ ಬಿಸಿ ಕಾಫಿ ಕುಡಿಸಿ ಮಲಗಿಸಿದ್ದಾರೆ. ಏಳೂವರೆಗೆ ಚಿಕ್ಕಪ್ಪ ಬಂದು ನೋಡಿದ ಮೇಲೆ ಗಾಡಿ ಆಗಿದ್ದು.

ಮೊದಲು ಹೋದ ಕಡೆ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ಅದನ್ನ ಹೇಳಿ ತಕ್ಷಣ ಕಳಿಸಿದ್ದರೆ ಬೇರೆ ಮಾತು. ಡ್ರಿಪ್ ಹಾಕಿ "ನೋಡೋಣ, ಸರಿ ಹೋಗಬಹುದು" ಅಂತ ಎರಡೂವರೆ ಗಂಟೆ ಇಟ್ಟುಕೊಂಡರು. ಆಗುಂಬೆ ಘಾಟಿ ಇಳಿದು ದೊಡ್ಡ ಆಸ್ಪತ್ರೆ ಮುಟ್ಟುವಾಗ ಹನ್ನೆರಡೂವರೆ. ಅಲ್ಲಿನವರು ಸ್ಕ್ಯಾನ್ ಮಾಡಿ, ಮೆದುಳಿನ ಎಡಭಾಗದಲ್ಲಿ ರಕ್ತನಾಳ ಕಟ್ಟಿದೆ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋ ಹೊತ್ತು ದಾಟಿದೆ ಅಂದರು. ನಾಲ್ಕು ದಿನ ಐ.ಸಿ.ಯು., ಈಗ ವಾರ್ಡು. ಮೂಗಿನಲ್ಲಿ ನಳಿಗೆ. ಕರೆದರೆ ಕಣ್ಣು ಬಿಟ್ಟು ನೋಡ್ತಾರೆ, ಕೈ ಹಿಡೀತಾರೆ, ಮಾತಿಲ್ಲ.

ಆರು ವರ್ಷದಿಂದ ಬಿ.ಪಿ. ಇತ್ತು. ನಾಲ್ಕು ತಿಂಗಳ ಹಿಂದೆ ನೋಡಿಸಿದಾಗ ನಾರ್ಮಲ್ ಬಂತು ಅಂತ ಅವರಷ್ಟಕ್ಕೆ ಮಾತ್ರೆ ಬಿಟ್ಟಿದ್ದರಂತೆ. ನನಗೆ ಈಗ ಗೊತ್ತಾಗಿದ್ದು.

ಡಾಕ್ಟರ ಹತ್ತಿರ ಕೇಳೋಕೆ ಹೋದರೆ ಎರಡು ನಿಮಿಷ ಸಿಗ್ತಾರೆ, ನನಗೆ ಪ್ರಶ್ನೆಯೇ ಮರೆತುಹೋಗುತ್ತೆ. ಇದು ಯಾಕಾಗುತ್ತೆ? ಅಪ್ಪ ಉಳೀತಾರಾ? ಉಳಿದರೆ ಹೇಗೆ ಉಳೀತಾರೆ? ಅನುಭವ ಇರೋರು ಹೇಳಿ.

ಹಾಸನದ ವೈದ್ಯೆ (ಸೋಮವಾರ, ರಾತ್ರಿ 11:45)

ತುಂಗಾತೀರ ಅವರೇ, ನಾನು ಜನರಲ್ ಮೆಡಿಸಿನ್ ಡಾಕ್ಟರ್. ನಿಮ್ಮ ತಂದೆಯನ್ನು ನೋಡಿಲ್ಲ, ಅವರ ಸ್ಕ್ಯಾನೂ ನೋಡಿಲ್ಲ. ಹಾಗಾಗಿ ನಾನು ಹೇಳೋದನ್ನು ಅಲ್ಲಿನ ವೈದ್ಯರ ಮಾತಿನ ಜೊತೆಗಿಟ್ಟು ಓದಿ, ಅದರ ಬದಲಿಗಲ್ಲ.

ಮೊದಲು ನಿಮ್ಮ ಅಮ್ಮನ ವಿಷಯ. ಅವರನ್ನ ಯಾರೂ ಬೈಯಬೇಡಿ. ಎದೆನೋವು ಬಂದವರು ರಾತ್ರಿ ಎರಡು ಗಂಟೆಗೂ ಓಡಿ ಬರ್ತಾರೆ. ಕೈ ಸೋತವರು ಬೆಳಗಾಗಲಿ ಅಂತ ಕಾಯ್ತಾರೆ. ಪ್ರತಿ ವಾರ ನೋಡ್ತೀನಿ ಇದನ್ನ. ಮೈಯೆಲ್ಲಾ ಆದ ನೋವು ಮೆದುಳಿಗೆ ತಿಳಿಯುತ್ತೆ, ಆದರೆ ಮೆದುಳಿನ ಒಳಗೇ ಏಟಾದರೆ ಅದನ್ನ ಹೇಳೋ ನರ ಅಲ್ಲಿಲ್ಲ. ರಕ್ತನಾಳ ಕಟ್ಟಿ ಆದ ಸ್ಟ್ರೋಕಿನಲ್ಲಿ ಬಹಳಷ್ಟು ಜನಕ್ಕೆ ನೋವೇ ಇರೋದಿಲ್ಲ. ನೋವಿಲ್ಲದ್ದನ್ನ ಅವಸರದ ಕಾಯಿಲೆ ಅಂತ ನಂಬೋಕೆ ಮನೆಯವರಿಗೆ ಹೇಗೆ ಸಾಧ್ಯ?

ಇನ್ನು ಒಳಗೆ ಆಗೋದೇನು ಅಂದರೆ, ಮೆದುಳು ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ನಾವು ಬಳಸುವ ಆಮ್ಲಜನಕದಲ್ಲಿ ಐದನೇ ಒಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳೋ ಉಗ್ರಾಣವೂ ಅದಕ್ಕಿಲ್ಲ. ದೊಡ್ಡ ರಕ್ತನಾಳ ಕಟ್ಟಿದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಆದರೆ ಎಲ್ಲವೂ ಒಂದೇ ಸಲ ಸಾಯೋದಿಲ್ಲ. ನಿಮಗೆ ತೋಟದ ಭಾಷೆಯಲ್ಲಿ ಹೇಳಬಹುದು: ಕಾಲುವೆ ಕಟ್ಟಿದಾಗ ನಡುವಿನ ಗದ್ದೆ ಮೊದಲು ಒಣಗುತ್ತೆ, ಅಂಚಿನದ್ದು ಅಕ್ಕಪಕ್ಕದ ತೇವ ಹೀರಿಕೊಂಡು ಬಾಡಿದರೂ ಇನ್ನಷ್ಟು ಹೊತ್ತು ಜೀವ ಹಿಡಿದಿರುತ್ತೆ. ಆ ಅಂಚಿನ ಭಾಗ ಉಳಿಸೋಕೇ ನಾವು ಗಂಟೆ ಎಣಿಸೋದು.

ಹತ್ತರಲ್ಲಿ ಎಂಟು ಸ್ಟ್ರೋಕು ಹೀಗೆ ಕಟ್ಟಿ ಆಗೋದು. ಉಳಿದದ್ದರಲ್ಲಿ ಹೆಚ್ಚಿನವು ರಕ್ತನಾಳ ಒಡೆದು ಆಗೋದು. ಹೊರಗಿನಿಂದ ನೋಡಿ ಇದು ಯಾವುದು ಅಂತ ಖಚಿತವಾಗಿ ಹೇಳೋಕೆ ಯಾವ ಡಾಕ್ಟರಿಗೂ ಆಗಲ್ಲ, ಸಿ.ಟಿ. ಬೇಕೇ ಬೇಕು. ಅದಕ್ಕೇ ಮನೆಯಲ್ಲಿ ಆಸ್ಪಿರಿನ್ ಕೊಡಬೇಡಿ ಅನ್ನೋದು. ಕಟ್ಟಿದ್ದಕ್ಕೆ ಅದು ಔಷಧಿ, ಒಡೆದದ್ದಕ್ಕೆ ಅಪಾಯ.

ಯಾಕಾಯ್ತು ಅಂತ ಕೇಳಿದಿರಿ. ಉತ್ತರ ನೀವೇ ಬರೆದಿದ್ದೀರಿ. ನಾರ್ಮಲ್ ಬಂದಿದ್ದು ಮಾತ್ರೆಯ ಕೆಲಸ, ಮಾತ್ರೆ ಬಿಟ್ಟರೆ ಆ ಕೆಲಸವೂ ನಿಲ್ಲುತ್ತೆ. 32 ದೇಶಗಳ ರೋಗಿಗಳನ್ನು ಹೋಲಿಸಿ 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ, ಇಂಟರ್‌ಸ್ಟ್ರೋಕ್ ಅಂತ. ಸ್ಟ್ರೋಕಿನ ಹೊರೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಹತ್ತೇ ಕಾರಣಗಳಿಗೆ ಸೇರಿದ್ದು ಅಂತ ಅದು ತೋರಿಸಿತು. ಅವುಗಳಲ್ಲಿ ಬಿ.ಪಿ. ಒಂದೇ ಸುಮಾರು ಅರ್ಧ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕೆಟ್ಟ ಕೊಬ್ಬು, ಹೊಟ್ಟೆ ಸುತ್ತಿನ ಬೊಜ್ಜು, ಕುಡಿತ, ಮೈ ಅಲುಗಿಸದ ದಿನಚರಿ, ಮನಸ್ಸಿನ ಒತ್ತಡ, ಊಟ, ಹೃದಯದ ಕಾಯಿಲೆ ಉಳಿದವು. ಹೃದಯದ ಬಡಿತ ತಾಳ ತಪ್ಪಿದರೆ ಒಳಗೆ ಹೆಪ್ಪುಗಟ್ಟಿ ಅದು ಮೆದುಳಿಗೆ ಹಾರಬಹುದು, ಆದ್ದರಿಂದ ನಿಮ್ಮ ತಂದೆಗೆ ಇ.ಸಿ.ಜಿ., ಎಕೋ ಆಗಿದೆಯಾ ಅಂತ ಕೇಳಿ. ಕತ್ತಿನ ರಕ್ತನಾಳದ ಡಾಪ್ಲರ್ ಸಹ. ಕಾರಣ ಯಾವುದು ಅಂತ ತಿಳಿದರೆ ಮುಂದಿನ ಮಾತ್ರೆ ಯಾವುದು ಅನ್ನೋದು ತೀರ್ಮಾನ ಆಗುತ್ತೆ.

ಉಳೀತಾರಾ ಅನ್ನೋದಕ್ಕೆ ಪ್ರಾಮಾಣಿಕವಾಗಿ ಹೇಳ್ತೀನಿ. ಒಡೆದ ಸ್ಟ್ರೋಕಿನಲ್ಲಿ ನೂರರಲ್ಲಿ 40ರಷ್ಟು ಜನ ತಿಂಗಳೊಳಗೆ ತೀರಿಕೊಳ್ತಾರೆ. ಕಟ್ಟಿದ್ದರಲ್ಲಿ ಅದು ತುಂಬಾ ಕಡಿಮೆ. ತಿರುವನಂತಪುರದಲ್ಲಿ ಎಲ್ಲ ಬಗೆಯ ಸ್ಟ್ರೋಕನ್ನೂ ಸೇರಿಸಿ ಲೆಕ್ಕ ಇಟ್ಟಿದ್ದರು: ಮೊದಲ 28 ದಿನದಲ್ಲಿ ತೀರಿಕೊಂಡವರು ನಗರದಲ್ಲಿ ನೂರಕ್ಕೆ ಸುಮಾರು 25, ಹಳ್ಳಿಗಾಡಿನಲ್ಲಿ 37. ಆ ಹನ್ನೆರಡರ ಅಂತರ ನೋಡಿದಾಗಲೆಲ್ಲ ನನಗೆ ನಮ್ಮ ತಾಲೂಕುಗಳೇ ಕಣ್ಣಿಗೆ ಬರ್ತವೆ.

ನಿಮ್ಮ ತಂದೆಯದ್ದು ಕಟ್ಟಿದ ಸ್ಟ್ರೋಕು. ಮೆದುಳಿನ ಊತ ಹೆಚ್ಚೋದು ಎರಡನೇ ದಿನದಿಂದ ಐದನೇ ದಿನದೊಳಗೆ, ಅದನ್ನು ದಾಟಿದ್ದಾರೆ. ಎಚ್ಚರ ಇದೆ, ಹೇಳಿದ್ದಕ್ಕೆ ಕೈ ಹಿಡೀತಾರೆ. ಇವು ಒಳ್ಳೆಯ ಲಕ್ಷಣ. ಇನ್ನು ಮೇಲೆ ಅಪಾಯ ಮೆದುಳಿಗಿಂತ ಹೆಚ್ಚಾಗಿ ಶ್ವಾಸಕೋಶದಿಂದ, ಕಾಲಿನ ಹೆಪ್ಪಿನಿಂದ, ಹೃದಯದಿಂದ.

ಬಿಸಿಲನಾಡು (ಮಂಗಳವಾರ, ಬೆಳಿಗ್ಗೆ 6:10)

ಅಣ್ಣಾರ, ನಾವು ಕಲಬುರಗಿ ಕಡೆಯವ್ರು. ನಮ್ಮವ್ವಂದು ಹೇಳ್ತೀನ್ರಿ, ಯಾರಿಗರೆ ಉಪಯೋಗ ಆದ್ರ ಆಗ್ಲಿ.

ಲಕ್ವಾ ಹೊಡ್ಯೂದಕ್ಕಿಂತ ಒಂದು ವಾರ ಮೊದ್ಲ ಅವ್ವ ರೊಟ್ಟಿ ಬಡ್ಯೂವಾಗ ಎಡಗೈ ಒಮ್ಮೆಲೆ ಸತ್ತಂಗಾತು ಅಂದಿದ್ಳು. ಹತ್ತು ನಿಮಿಷಕ್ಕ ಸರಿ ಆತು. ನಾವೂ ಸುಮ್ಮನಾದ್ವಿ, ಆಕಿನೂ ಸುಮ್ಮನಾದ್ಳು. ಆಮ್ಯಾಲೆ ಡಾಕ್ಟರ್ ಹೇಳಿದ್ರು, ಅದು ಸಣ್ಣ ಸ್ಟ್ರೋಕ್ ಇತ್ತು, ಅವತ್ತ ಬಂದಿದ್ರ ದೊಡ್ಡದು ತಡೀಬಹುದಿತ್ತು ಅಂತ. ತಾನ ಬಂದು ತಾನ ಹೋತು ಅಂತ ಬಿಡಬ್ಯಾಡ್ರಿ. ಅದು ಬಾಗಿಲಾ ಬಡದು ಹೋಗಿರ್ತದ.

ಎಂಟನೇ ದಿನ ಪೂರ್ತಿ ಎಡಗಡೆ ಹೋತು. ನಮ್ಮ ದೊಡ್ಡಪ್ಪ ಅಂದ, ದವಾಖಾನಿಗೆ ಒಯ್ದ್ರ ಸೂಜಿ ಚುಚ್ಚತಾರ, ಲಕ್ವಾಕ್ಕ ಸೂಜಿ ತಾಗಬಾರದು ಅಂತ. ಎಪ್ಪತ್ತು ಕಿಲೋಮೀಟರ್ ದೂರ ಒಬ್ಬ ನಾಟಿ ವೈದ್ಯನ ಕಡೆ ಕರ್ಕೊಂಡು ಹೋದ್ವಿ. ಪಾರಿವಾಳ ಕೊಯ್ದು ಅದರ ಬಿಸಿ ರಕ್ತ ಕೈ ಕಾಲಿಗೆ ಸವರಿದ್ರು, ಬಾಯಾಗ ಯಾವುದೋ ಕಷಾಯ ಹಾಕಿದ್ರು. ಅವ್ವಗ ನುಂಗಾಕ ಬರ್ತಿದ್ದಿಲ್ಲ. ಕೆಮ್ಮಿ ಕೆಮ್ಮಿ ಕಣ್ಣು ತೇಲಿಸಿದ್ಳು. ಮೂರು ದಿನ ಆದ ಮ್ಯಾಲೆ ಜ್ವರ ಬಂತು, ಆವಾಗ ದೊಡ್ಡ ದವಾಖಾನಿ. ಎದ್ಯಾಗ ನ್ಯುಮೋನಿಯಾ ಆಗ್ಯದ ಅಂದ್ರು. ಹನ್ನೊಂದನೇ ದಿನಕ್ಕ ಹೋದ್ಳು.

ದೊಡ್ಡಪ್ಪ ಕೆಟ್ಟ ಮನಸ್ಸಿಲೆ ಹೇಳಿದ್ದಲ್ಲ. ಆಕಿ ಮ್ಯಾಲೆ ಭಾಳ ಜೀವ ಇತ್ತು ಅವನಿಗೆ. ಇವತ್ತಿಗೂ ಪಾರಿವಾಳ ಕಂಡ್ರ ಮುಖ ತಿರುವಿಕೊಂಡು ಹೋಗ್ತಾನ. ನಿಮ್ಮಪ್ಪಾಜಿ ದವಾಖಾನ್ಯಾಗ ಅದಾರ, ನಳಿಗಿ ಹಾಕ್ಯಾರ. ಅದನ್ನ ನೋಡಿ ಸಂಕಟ ಪಡಬ್ಯಾಡ್ರಿ, ಆ ನಳಿಗಿನ ನಮ್ಮವ್ವಗ ಇದ್ದಿದ್ದಿಲ್ಲ.

ಮಂಡ್ಯದವನು (ಮಂಗಳವಾರ, ಬೆಳಿಗ್ಗೆ 8:30)

ಬಿಸಿಲನಾಡು ಅವರಿಗೆ ಆದದ್ದು ಕೇಳಿ ಹೊಟ್ಟೆ ಉರೀತು. ಆದರೂ ನಾಟಿ ಔಷಧಿನ ಪೂರ್ತಿ ತೆಗೆದುಹಾಕೋಕೆ ನನಗೆ ಮನಸ್ಸು ಬರ್ತಿಲ್ಲ. ನಮ್ಮಣ್ಣನಿಗೆ ಮೂರು ವರ್ಷದ ಹಿಂದೆ ಬೆಳಿಗ್ಗೆ ಎದ್ದಾಗ ಅರ್ಧ ಮುಖ ಜೋತುಬಿದ್ದಿತ್ತು, ಒಂದು ಕಣ್ಣು ಮುಚ್ಚೋಕೇ ಆಗ್ತಿರಲಿಲ್ಲ, ನೀರು ಮುಕ್ಕಳಿಸಿದರೆ ಪಕ್ಕದಲ್ಲಿ ಸುರೀತಿತ್ತು. ಪಕ್ಕದೂರಿನಲ್ಲಿ ಎಣ್ಣೆ ಕೊಡೋರ ಹತ್ರ ಹೋದ್ವಿ. ಇಪ್ಪತ್ತು ದಿನದಲ್ಲಿ ಮುಖ ಮೊದಲಿನ ಥರ ಆಯ್ತು. ಕಣ್ಣಾರೆ ಕಂಡದ್ದನ್ನ ಸುಳ್ಳು ಅನ್ನೋದು ಹೇಗೆ?

ಹಾಸನದ ವೈದ್ಯೆ (ಮಂಗಳವಾರ, ಮಧ್ಯಾಹ್ನ 2:05)

ಮಂಡ್ಯದವರೇ, ನೀವು ಕಂಡದ್ದು ಸುಳ್ಳಲ್ಲ. ಆದರೆ ಅದು ಸ್ಟ್ರೋಕ್ ಆಗಿರಲಿಲ್ಲ ಅನ್ನಿಸುತ್ತೆ. ಮುಖದ ನರ ಒಂದೇ ಊದಿಕೊಂಡು ಸೋಲೋದಕ್ಕೆ ಬೆಲ್ಸ್ ಪಾಲ್ಸಿ ಅಂತೀವಿ. ಅದರಲ್ಲಿ ಆ ಕಡೆಯ ಹಣೆ ಸುಕ್ಕುಗಟ್ಟಲ್ಲ, ಕಣ್ಣು ಮುಚ್ಚಲ್ಲ, ಕೈಕಾಲು ಮಾತು ಸರಿ ಇರುತ್ತವೆ. ಮೆದುಳಿನ ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಬಾಯಿ ಮಾತ್ರ ಜಾರುತ್ತೆ, ಹಣೆ ಎರಡೂ ಕಡೆ ಸುಕ್ಕಾಗುತ್ತೆ, ಯಾಕೆಂದರೆ ಹಣೆಗೆ ಮೆದುಳಿನ ಎರಡೂ ಬದಿಯಿಂದ ಅಪ್ಪಣೆ ಹೋಗುತ್ತೆ.

ಬೆಲ್ಸ್ ಪಾಲ್ಸಿ ಏನೂ ಮಾಡದಿದ್ದರೂ ನೂರರಲ್ಲಿ ಎಪ್ಪತ್ತು ಜನಕ್ಕೆ ಪೂರ್ತಿ ವಾಸಿಯಾಗುತ್ತೆ. ಮೊದಲ ಮೂರು ದಿನದಲ್ಲಿ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರೆ ಇನ್ನೂ ಹೆಚ್ಚು ಜನಕ್ಕೆ. ಊರಿನವರು ಎರಡಕ್ಕೂ ಲಕ್ವ ಅಂತ ಒಂದೇ ಹೆಸರಿಟ್ಟಿದ್ದಾರೆ. ತಾನಾಗಿ ವಾಸಿಯಾಗೋದರ ಹೆಸರು ಎಣ್ಣೆಗೆ ಸೇರುತ್ತೆ, ಆ ಹೆಸರು ನಂಬಿ ಮೆದುಳಿನ ಸ್ಟ್ರೋಕ್ ಆದವರೂ ಅಲ್ಲಿಗೇ ಹೋಗ್ತಾರೆ. ಹಣೆ ನೋಡಿ ಮನೆಯಲ್ಲೇ ತೀರ್ಮಾನ ಮಾಡಿ ಅಂತ ನಾನು ಹೇಳ್ತಿಲ್ಲ. ಎರಡಕ್ಕೂ ಮೊದಲು ಆಸ್ಪತ್ರೆ.

ಮಂಡ್ಯದವನು (ಮಂಗಳವಾರ, ಮಧ್ಯಾಹ್ನ 2:40)

ಅಣ್ಣನ ಹಣೆ ನುಣ್ಣಗೆ ಆಗಿದ್ದು ಈಗ ನೆನಪಾಯ್ತು ಮೇಡಂ. ಆ ಎಣ್ಣೆಯವರ ಹೆಸರು ಒಂದಿಬ್ಬರಿಗೆ ಹೇಳಿದ್ದೆ. ಇವತ್ತೇ ಫೋನ್ ಮಾಡ್ತೀನಿ.

ಹೊಸ ಅಮ್ಮ (ಮಂಗಳವಾರ, ಸಂಜೆ 7:15)

ಸ್ಟ್ರೋಕ್ ವಯಸ್ಸಾದವರಿಗೆ ಅಂತ ಇಲ್ಲಿ ಯಾರಾದರೂ ಅಂದುಕೊಂಡಿದ್ದರೆ ನನ್ನ ಕಥೆ ಕೇಳಿ. ನನಗಾಗ 26. ಮಗಳು ಹುಟ್ಟಿ ಹನ್ನೆರಡನೇ ದಿನ. ನಮ್ಮ ಕಡೆ ಬಾಣಂತಿಗೆ ನೀರು ಜಾಸ್ತಿ ಕೊಡಲ್ಲ, ಶೀತ ಆಗುತ್ತೆ, ಹೊಟ್ಟೆ ಬರುತ್ತೆ ಅಂತ. ಬೇಸಿಗೆ ಬೇರೆ. ಕಿಟಕಿ ಮುಚ್ಚಿದ ಕೋಣೆ, ಕೆಂಡದ ಕಾವು, ದಿನಕ್ಕೆ ಎರಡು ಮೂರು ಲೋಟ ಬಿಸಿನೀರು. ಮೂರು ದಿನ ತಲೆ ಸಿಡೀತಾ ಇತ್ತು. ನಿದ್ದೆಗೆಟ್ಟಿದ್ದಕ್ಕೆ ಅಂದರು. ನಾಲ್ಕನೇ ದಿನ ಫಿಟ್ಸ್ ಬಂತು, ಎಡಗಾಲು ಬಿದ್ದುಹೋಯ್ತು. ಗಾಳಿ ಸೋಕಿದೆ ಅಂತ ತಾಯತ ತರೋಕೆ ಒಬ್ಬರು ಹೊರಟಿದ್ದರಂತೆ. ನನ್ನ ಗಂಡ ಕೇಳಲಿಲ್ಲ, ನೇರ ನಿಮ್ಹಾನ್ಸ್‌ಗೆ ಕರಕೊಂಡು ಹೋದರು.

ಮೆದುಳಿಗೆ ರಕ್ತ ತರೋ ನಾಳ ಅಲ್ಲ, ಮೆದುಳಿನಿಂದ ವಾಪಸ್ ಒಯ್ಯೋ ಅಭಿಧಮನಿಯಲ್ಲಿ ಹೆಪ್ಪುಗಟ್ಟಿತ್ತು. ಹೆರಿಗೆ ಆದಾಗ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತಂತೆ, ಅದರ ಮೇಲೆ ಮೈಯಲ್ಲಿ ನೀರಿಲ್ಲದಿದ್ದರೆ ಕೇಳೋದೇ ಬೇಡ. ಹೆಪಾರಿನ್ ಕೊಟ್ಟರು, ಆಮೇಲೆ ಆರು ತಿಂಗಳು ಮಾತ್ರೆ. ಈಗ ಮಗಳಿಗೆ ನಾಲ್ಕು ವರ್ಷ, ಅವಳ ಹಿಂದೆ ಓಡ್ತೀನಿ. ಈ ಬಗೆಯದ್ದರಲ್ಲಿ ಹತ್ತಕ್ಕೆ ಎಂಟು ಜನ ಪೂರ್ತಿ ಹುಷಾರಾಗ್ತಾರೆ, ಸರಿಯಾದ ಜಾಗಕ್ಕೆ ಹೊತ್ತಿಗೆ ಹೋದರೆ, ಅಂತ ಡಾಕ್ಟರ್ ಹೇಳಿದ್ದರು.

ಅತ್ತೆ ಈಗ ಊರಲ್ಲಿ ಯಾರೇ ಬಾಣಂತಿ ಇದ್ದರೂ ಒಂದು ತಂಬಿಗೆ ನೀರು ಕೈಯಲ್ಲಿ ಹಿಡಿದೇ ಮಾತಾಡಿಸೋಕೆ ಹೋಗ್ತಾರೆ.

ತುಂಗಾತೀರ (ಮಂಗಳವಾರ, ರಾತ್ರಿ 9:50)

ಎಲ್ಲರದ್ದೂ ಓದಿದೆ. ಬಿಸಿಲನಾಡು ಅಕ್ಕಾ ಅಥವಾ ಅಣ್ಣಾ, ನಿಮ್ಮದನ್ನ ಓದಿ ಒಳಗೆ ಹೋಗಿ ಅಪ್ಪನ ನಳಿಗೆ ಸರಿ ಇದೆಯಾ ಅಂತ ನೋಡಿಕೊಂಡು ಬಂದೆ. ಎಕೋ ಆಗಿದೆ, ಹೃದಯ ಚೆನ್ನಾಗಿದೆ. ಡಾಪ್ಲರ್ ನಾಳೆ.

ಒಂದೇ ವಿಷಯ ಕೊರೀತಾ ಇದೆ ಡಾಕ್ಟ್ರೇ. ಹತ್ತು ಗಂಟೆಯೊಳಗೆ ತಲುಪಿದ್ದರೆ ಆ ಇಂಜೆಕ್ಷನ್ ಸಿಗ್ತಿತ್ತು. ಸಿಕ್ಕಿದ್ದರೆ ಅಪ್ಪ ಇವತ್ತು ನಡೀತಿದ್ದರಾ? ಆ ಎರಡೂವರೆ ಗಂಟೆ ನನಗೆ ರಾತ್ರಿಯೆಲ್ಲ ನಿದ್ದೆ ಕೊಡ್ತಿಲ್ಲ.

ಹಾಸನದ ವೈದ್ಯೆ (ಮಂಗಳವಾರ, ರಾತ್ರಿ 11:10)

ನಡೀತಿರಬಹುದಿತ್ತು, ಇಲ್ಲದೆಯೂ ಇರಬಹುದಿತ್ತು. ಇದು ಸಮಾಧಾನಕ್ಕೆ ಹೇಳೋ ಮಾತಲ್ಲ. ಆ ಔಷಧಿಯ ಹೆಸರು ಆಲ್ಟಿಪ್ಲೇಸ್, ಅದರದೇ ಜಾತಿಯ ಟೆನೆಕ್ಟಿಪ್ಲೇಸ್ ಕೂಡ ನಮ್ಮಲ್ಲಿ ಬಳಕೆಯಲ್ಲಿದೆ. ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಮೂರು ಗಂಟೆಯೊಳಗೆ ಹತ್ತು ಜನಕ್ಕೆ ಕೊಟ್ಟರೆ, ಕೊಡದೇ ಇದ್ದಿದ್ದರೆ ಊನ ಉಳಿಯುತ್ತಿದ್ದ ಒಬ್ಬರು ಹೆಚ್ಚುಕಡಿಮೆ ಪೂರ್ತಿ ಸುಧಾರಿಸ್ತಾರೆ. ನೂರರಲ್ಲಿ ಆರು ಜನಕ್ಕೆ ಅದೇ ಔಷಧಿಯಿಂದ ಮೆದುಳಿನಲ್ಲಿ ರಕ್ತ ಸುರಿಯೋ ಅಪಾಯವೂ ಇದೆ. ಇನ್ನೊಂದು ಮಾತು ಮನೆಯವರಿಗೆ ಯಾರೂ ಬಿಡಿಸಿ ಹೇಳಲ್ಲ: ಆ ಇಂಜೆಕ್ಷನ್ ಮುಖ್ಯವಾಗಿ ಊನ ಕಡಿಮೆ ಮಾಡುತ್ತೆ, ಜೀವ ಉಳಿಸೋ ಲೆಕ್ಕ ಅದರಿಂದ ಅಷ್ಟು ಬದಲಾಗಲ್ಲ. ಅದು ತಪ್ಪಿತು ಅಂದರೆ ಜೀವ ತಪ್ಪಿತು ಅಂತಲ್ಲ.

ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ನಾಳದಿಂದ ತಂತಿ ಕಳಿಸಿ ಹೆಪ್ಪನ್ನೇ ಎಳೆದು ತೆಗೆಯೋ ಚಿಕಿತ್ಸೆ ಇದೆ. ಆರು ಗಂಟೆಯೊಳಗೆ, ಆಯ್ದ ಕೆಲವರಿಗೆ 24 ಗಂಟೆವರೆಗೂ ಮಾಡಬಹುದು ಅಂತ 2018ರಲ್ಲಿ ಸಾಬೀತಾಯಿತು. ನಿಮ್ಮ ತಂದೆಯದ್ದು ಸಣ್ಣ ಕವಲು ಇರಬೇಕು, ಅದಕ್ಕೇ ಮಾಡಿಲ್ಲ. ಅದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಪ್ರಶ್ನೆಗಳನ್ನ ಚೀಟಿಯಲ್ಲಿ ಬರೆದುಕೊಂಡು ರೌಂಡ್ಸ್ ಹೊತ್ತಿಗೆ ನಿಂತಿರಿ, ಎರಡು ನಿಮಿಷದಲ್ಲೂ ನಾಲ್ಕು ಉತ್ತರ ಸಿಗುತ್ತೆ.

ರಾತ್ರಿ ಪಾಳಿ (ಬುಧವಾರ, ಬೆಳಿಗ್ಗೆ 7:30)

ಡ್ಯೂಟಿ ಮುಗಿಸಿ ಬಂದೆ. ಹತ್ತೊಂಬತ್ತು ವರ್ಷದಿಂದ ಸ್ಟಾಫ್ ನರ್ಸ್. ಡಾಕ್ಟರ್ ಹೇಳಿದ್ದು ಮೆದುಳಿನ ಮಾತು, ನಾನು ಹಾಸಿಗೆ ಪಕ್ಕದ ಮಾತು ಹೇಳ್ತೀನಿ ತಮ್ಮಾ.

ಬಾಯಿಗೆ ಏನನ್ನೂ ಹಾಕಬೇಡಿ, ನುಂಗೋ ಪರೀಕ್ಷೆ ಮಾಡಿ ಸರಿ ಅನ್ನೋವರೆಗೆ. ತೀರ್ಥ ಸಹಿತ. ನೋಡೋಕೆ ಬಂದ ನೆಂಟರು ಪ್ರೀತಿಯಿಂದ ಒಂದು ಚಮಚ ಎಳನೀರು ಹಾಕ್ತಾರೆ, ನಾವು ಅತ್ತ ತಿರುಗಿದಾಗ. ಗಂಟಲಿನ ಅರ್ಧ ಭಾಗ ಕೆಲಸ ಮಾಡ್ತಿರಲ್ಲ, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತೆ. ಕೆಲವರು ಕೆಮ್ಮೋದೂ ಇಲ್ಲ, ಮೂರನೇ ದಿನ ಜ್ವರ ಬಂದಾಗಲೇ ಗೊತ್ತಾಗೋದು. ಮೊದಲ ವಾರ ಗೆದ್ದವರನ್ನ ಎರಡನೇ ವಾರ ಹೀಗೆ ಕಳಕೊಂಡಿದ್ದು ನಾನು ಎಷ್ಟೋ ಸಲ ನೋಡಿದ್ದೀನಿ. ನಳಿಗೆಯಲ್ಲಿ ಆಹಾರ ಕೊಡುವಾಗಲೂ ತಲೆದಿಂಬು ಎತ್ತರ ಇರಲಿ, ಕೊಟ್ಟಾದ ಮೇಲೂ ಅರ್ಧ ಗಂಟೆ ಹಾಗೇ ಇರಲಿ. ಮುಂದೆ ಬಾಯಿಂದ ಶುರು ಮಾಡಿದಾಗ ನೀರು, ಮಜ್ಜಿಗೆಯಂಥ ತೆಳುವಾದ್ದೇ ಹೆಚ್ಚು ಕಷ್ಟ. ಗಟ್ಟಿ ರಾಗಿ ಸರಿ ಥರದ್ದು ಸುಲಭ. ನೆಟ್ಟಗೆ ಕೂರಿಸಿ, ಗದ್ದ ಎದೆ ಕಡೆ ಬಗ್ಗಿಸಿ, ಸಣ್ಣ ಸಣ್ಣ ತುತ್ತು, ಪ್ರತಿ ತುತ್ತು ಬಾಯಲ್ಲಿ ಉಳಿದಿಲ್ಲ ಅಂತ ನೋಡಿ ಮುಂದಿನದ್ದು.

ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ, ರಾತ್ರಿಯೂ. ಬೆನ್ನ ಕೆಳಗೆ, ಹಿಮ್ಮಡಿ, ಸೊಂಟದ ಮೂಳೆ ಹತ್ತಿರ ಚರ್ಮ ಕೆಂಪಾದರೆ ಅವತ್ತೇ ಹೇಳಿ. ಹಲ್ಲು ನಾಲಿಗೆ ದಿನಕ್ಕೆರಡು ಸಲ ಒರೆಸಿ. ಬಾಯಿ ಸ್ವಚ್ಛ ಇದ್ದರೆ ನ್ಯುಮೋನಿಯಾ ಕಡಿಮೆ. ಮೂತ್ರದ ಪೈಪ್ ಇನ್ನೂ ಬೇಕಾ ಅಂತ ಕೇಳಿ, ಬೇಡದ ಪೈಪ್ ಇಟ್ಟಷ್ಟು ದಿನ ಸೋಂಕು. ನಾಳೆ ನೀವು ಮನೆಗೆ ಕರಕೊಂಡು ಹೋದಾಗ ಇದೆಲ್ಲ ನಿಮ್ಮ ಕೈಗೇ ಬರೋದು, ಅದಕ್ಕೆ ಈಗಲೇ ನರ್ಸ್ ಮಾಡುವಾಗ ಪಕ್ಕದಲ್ಲಿ ನಿಂತು ಕಲೀರಿ. ಹೇಳಿಕೊಡಿ ಸಿಸ್ಟರ್ ಅಂದರೆ ಯಾರೂ ಇಲ್ಲ ಅನ್ನಲ್ಲ.

ಬಿಲ್ ಬಗ್ಗೆ ಕೇಳಿಲ್ಲ ನೀವು, ಆದರೂ ಹೇಳ್ತೀನಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರ್ತಾರೆ, ಬಿಡುಗಡೆ ಹೊತ್ತಿಗಲ್ಲ, ಇವತ್ತೇ ಹೋಗಿ ಮಾತಾಡಿ.

ದುರ್ಗದ ಕೋಟೆ (ಬುಧವಾರ, ಬೆಳಿಗ್ಗೆ 10:00)

ನಮ್ಮ ತಮ್ಮ ಲಾರಿ ಓಡಿಸ್ತಿದ್ದ. 44 ವರ್ಷ. ಗುಟ್ಕಾ ಬಾಯಿಂದ ಇಳಿದಿದ್ದೇ ಇಲ್ಲ, ಬಿ.ಪಿ. ನೋಡಿಸಿದ್ದೇ ಇಲ್ಲ. ಮೆದುಳಿನ ಬಲಭಾಗದ ದೊಡ್ಡ ನಾಳ ಪೂರ್ತಿ ಕಟ್ಟಿತ್ತು. ಎರಡನೇ ದಿನ ಊತ ಜಾಸ್ತಿ ಆಗಿ ಎಚ್ಚರ ತಪ್ಪಿದ. ತಲೆಬುರುಡೆಯ ಒಂದು ತುಂಡು ತೆಗೆದು ಮೆದುಳಿಗೆ ಉಬ್ಬೋಕೆ ಜಾಗ ಮಾಡಿಕೊಡಬೇಕು ಅಂದರು. ಸಹಿ ಹಾಕೋಕೆ ಕೈ ಬರಲಿಲ್ಲ ನನಗೆ. ಆಗ ಆ ಸರ್ಜನ್ ಕೂರಿಸಿಕೊಂಡು ಹೇಳಿದರು: ಇಂಥ ಊತಕ್ಕೆ ಆಪರೇಷನ್ ಇಲ್ಲದಿದ್ದರೆ ಹತ್ತರಲ್ಲಿ ಏಳು ಜನ ಹೋಗ್ತಾರೆ, ಅರವತ್ತರ ಒಳಗಿನವರಿಗೆ 48 ಗಂಟೆಯೊಳಗೆ ಮಾಡಿದರೆ ಎಂಟು ಜನ ಉಳೀತಾರೆ, ಆದರೆ ಉಳಿದವರೆಲ್ಲ ಮೊದಲಿನಂತೆ ಆಗಲ್ಲ, ಅದನ್ನ ತಿಳಿದೇ ಸಹಿ ಹಾಕಿ ಅಂದರು. ಆ ಕೊನೇ ಮಾತು ಹೇಳಿದ್ದಕ್ಕೇ ನಾನು ಅವರನ್ನ ನಂಬಿದ್ದು.

ತಮ್ಮ ಉಳಿದ. ಎಡಗೈ ಬಂದಿಲ್ಲ, ಬರಲ್ಲ ಅಂತ ಗೊತ್ತಾಗಿದೆ. ಕೋಲು ಹಿಡಿದು ನಡೀತಾನೆ, ಮಗನ ಅಂಗಡೀಲಿ ಗಲ್ಲಾ ಮೇಲೆ ಕೂರ್ತಾನೆ. ಮೊದಲ ವರ್ಷ ತುಂಬಾ ಕಷ್ಟ ಆಯ್ತು, ಕೈಯಿಂದ ಅಲ್ಲ, ಮನಸ್ಸಿಂದ. ಯಾರ ಜೊತೆಗೂ ಮಾತಿಲ್ಲ, ಊಟ ಬೇಡ, ಸುಮ್ಮನೆ ಅಳೋದು. ಸ್ಟ್ರೋಕ್ ಆದವರಲ್ಲಿ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತಂತೆ. ಅದಕ್ಕೂ ಮಾತ್ರೆ ಇದೆ ಅಂತ ಗೊತ್ತಿಲ್ಲದೆ ಎಂಟು ತಿಂಗಳು ಕಳೆದೆವು.

ವಿಜ್ಞಾನದ ಮೇಷ್ಟ್ರು (ಬುಧವಾರ, ಸಂಜೆ 5:20)

ಹೇಗೆ ಉಳೀತಾರೆ ಅಂತ ಕೇಳಿದ್ದೀರಿ. ಲೂಯಿ ಪಾಶ್ಚರ್‌ಗೆ 1868ರಲ್ಲಿ, 45ನೇ ವಯಸ್ಸಿನಲ್ಲಿ, ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಿ.ಪಿ. ಅಳೆಯೋ ಸಾಧನವೂ ಕೈಗೆಟುಕದ ಕಾಲ. ಎಡಗೈ ಪೂರ್ತಿ ಸರಿಯಾಗಲೇ ಇಲ್ಲ. ಹುಚ್ಚುನಾಯಿ ಕಡಿದ ಹುಡುಗನಿಗೆ ರೇಬೀಸ್ ಲಸಿಕೆ ಕೊಡಿಸಿ ಉಳಿಸಿದ್ದು ಅದಾಗಿ ಹದಿನೇಳು ವರ್ಷಕ್ಕೆ, 1885ರಲ್ಲಿ. ಸ್ಟ್ರೋಕ್ ಆದ ಮೇಲೆ 27 ವರ್ಷ ಬದುಕಿದ್ದರು. ಎಂಟನೇ ತರಗತಿಯಲ್ಲಿ ಲಸಿಕೆ ಪಾಠ ಮಾಡುವಾಗ ಮಕ್ಕಳಿಗೆ ಇದನ್ನೂ ಹೇಳ್ತೇನೆ.

ಕಡಲಕರೆ (ಬುಧವಾರ, ರಾತ್ರಿ 9:00)

ನಾನು ಫಿಸಿಯೋಥೆರಪಿಸ್ಟ್, ಮಂಗಳೂರು. ಮುಖ್ಯ ಸಂಗತಿ ಒಂದುಂಟು. ಸೋತ ಕೈಯನ್ನು ಹಿಡಿದು ಯಾರೂ ಎಳೆಯಬಾರದು. ಏಳಿಸುವಾಗ ಮನೆಯವರು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ಸೋತ ಭುಜದ ಕೀಲು ಜಾರುತ್ತದೆ. ಮತ್ತೆ ಆರು ತಿಂಗಳು ಭುಜದ ನೋವಿನಿಂದಲೇ ಕೈ ಅಲುಗಿಸಲಿಕ್ಕೆ ಬಿಡುವುದಿಲ್ಲ. ಬೆನ್ನಿಗೆ, ಸೊಂಟಕ್ಕೆ ಕೈ ಕೊಟ್ಟು ಏಳಿಸಿ. ಮಲಗಿದಾಗ ಸೋತ ಕೈಗೆ ದಿಂಬು ಕೊಡಿ.

ಚೇತರಿಕೆ ಬೇಗ ಆಗುವುದು ಮೊದಲ ಮೂರು ತಿಂಗಳು. ಆರು ತಿಂಗಳವರೆಗೂ ಒಳ್ಳೆಯ ವೇಗ ಇರುತ್ತದೆ. ಆಮೇಲೆ ನಿಧಾನ, ನಿಲ್ಲುತ್ತದೆ ಅಂತ ಅಲ್ಲ. ಸತ್ತ ನರಕೋಶ ವಾಪಸ್ ಬರುವುದಿಲ್ಲ ಮಾರಾಯ್ರೆ, ಪಕ್ಕದವು ಆ ಕೆಲಸ ಕಲಿಯುತ್ತವೆ. ಕಲಿಯಬೇಕಾದರೆ ಒಂದೇ ಕೆಲಸ ನೂರು ಸಲ ಮಾಡಬೇಕು. ವಾರಕ್ಕೊಮ್ಮೆ ನಾನು ಬಂದು ಅರ್ಧ ಗಂಟೆ ಮಾಡಿಸಿದರೆ ಏನೂ ಆಗದು. ಮನೆಯವರು ದಿನಾ ಮಾಡಿಸಬೇಕು. ಸಾಮಾನ್ಯವಾಗಿ ಕಾಲು ಮೊದಲು ಬರುತ್ತದೆ, ಕೈ ತಡ, ಬೆರಳು ಎಲ್ಲಕ್ಕಿಂತ ತಡ. ಕೈ ಬರಲಿಲ್ಲ ಅಂತ ಎರಡನೇ ತಿಂಗಳಿಗೇ ಕೈಬಿಡಬೇಡಿ.

ಮಾತಿನ ಬಗ್ಗೆ. ಎಡಮೆದುಳಿಗೆ ಏಟು ಬಿದ್ದರೆ ಶಬ್ದ ಹುಡುಕಲಿಕ್ಕೆ ಆಗುವುದಿಲ್ಲ. ಬುದ್ಧಿ ಹೋಗಿದೆ ಅಂತ ತಿಳಿಯಬೇಡಿ. ಅವರ ಎದುರಿಗೇ "ಇವರಿಗೆ ಗೊತ್ತಾಗುವುದಿಲ್ಲ" ಅಂತ ನೆಂಟರು ಮಾತಾಡುವುದುಂಟು, ಅದೆಲ್ಲ ಅವರಿಗೆ ಕೇಳಿಸುತ್ತದೆ. ಕಿವುಡರ ಹಾಗೆ ಕೂಗಿಯೂ ಮಾತಾಡಬೇಡಿ. ಸಣ್ಣ ವಾಕ್ಯ, ಒಂದು ಸಲಕ್ಕೆ ಒಂದು ಪ್ರಶ್ನೆ, ಉತ್ತರಕ್ಕೆ ಕಾಯಿರಿ. ಒಂದು ಮಾತು ಆಡಲಾಗದವರೂ ಎಷ್ಟೋ ಜನ ಒಂದರಿಂದ ಹತ್ತು ಎಣಿಸುತ್ತಾರೆ, ವಾರಗಳ ಹೆಸರು ಹೇಳುತ್ತಾರೆ, ನಿತ್ಯ ಹಾಡುತ್ತಿದ್ದ ಭಜನೆ ಹಾಡುತ್ತಾರೆ. ಬಾಯಿಪಾಠವಾದದ್ದು ಮೆದುಳಿನಲ್ಲಿ ಬೇರೆ ದಾರಿಯಲ್ಲಿ ಬರುತ್ತದೆ. ಅಲ್ಲಿಂದ ಶುರು ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಉಂಟು, ಮಾತಿನ ತರಬೇತಿಗೆ ಅಲ್ಲಿಗೆ ಹೋಗಿ ಬನ್ನಿ.

ಡಬ್ಲಿನ್ ಮಳೆ (ಗುರುವಾರ, ಮುಂಜಾನೆ 3:15)

ಅಮ್ಮ ಶಿರಸಿಯಲ್ಲಿ ಒಬ್ಬರೇ ಇದ್ದಾರೆ, ನಾನು ಐರ್ಲೆಂಡಿನಲ್ಲಿ. ದಿನಾ ವಿಡಿಯೋ ಕಾಲ್ ಮಾಡ್ತೇನೆ. ಈ ಚರ್ಚೆ ಓದಿದ ಮೇಲೆ ಕಾಲ್‌ನಲ್ಲೇ ನೋಡಿಕೊಳ್ಳಬಹುದಾ ಅನ್ನಿಸಿತು. ನಗು ಅನ್ನೋದು, ಎರಡೂ ಕೈ ಎತ್ತಿಸೋದು, "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ" ಹೇಳಿಸೋದು. ಸಾಕಾ?

ಹಾಸನದ ವೈದ್ಯೆ (ಗುರುವಾರ, ಬೆಳಿಗ್ಗೆ 6:50)

ಮುಖ, ಕೈ, ಮಾತು, ಮೂರೂ ಸರಿ. ಕುರಿಮರಿ ಬೇಡ, ಹುಷಾರಾಗಿ ಇರೋರೂ ಅದರಲ್ಲಿ ತಡವರಿಸ್ತಾರೆ. ಇವತ್ತು ಯಾವ ವಾರ, ತಿಂಡಿ ಏನು ಮಾಡಿದೆ ಅಂತ ಕೇಳಿ. ಒಮ್ಮೆಲೇ ಒಂದು ಕಣ್ಣು ಮಂಜಾಗೋದು, ಎಲ್ಲ ಎರಡೆರಡು ಕಾಣೋದು, ನಿಂತರೆ ವಾಲೋದು, ಹಿಂದೆಂದೂ ಇಲ್ಲದಂಥ ಸಿಡಿಲು ಹೊಡೆದಂತೆ ತಲೆನೋವು, ಇವೂ ಲೆಕ್ಕ. ಅನುಮಾನ ಬಂದರೆ ಅಲ್ಲಿಂದ ನೀವು 108ಕ್ಕೆ ಮಾಡೋಕಾಗಲ್ಲ, ಪಕ್ಕದ ಮನೆಯವರ ನಂಬರ್ ಇಟ್ಟುಕೊಳ್ಳಿ. ಮತ್ತೆ, ಕೊನೆಯ ಸಲ ಅವರು ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅಂತ ನಿಮಗೇ ಗೊತ್ತಿರೋದು. ನಾವು ಆಸ್ಪತ್ರೆಯಲ್ಲಿ ಮೊದಲು ಕೇಳೋ ಪ್ರಶ್ನೆಗಳಲ್ಲಿ ಅದೊಂದು. ನಿದ್ದೆಯಿಂದ ಎದ್ದಾಗ ಸೋತಿದ್ದರೆ ಮಲಗಿದ ಹೊತ್ತಿನಿಂದ ಎಣಿಸ್ತೀವಿ.

ತುಂಗಾತೀರ (ಹದಿನೇಳು ದಿನದ ನಂತರ, ಭಾನುವಾರ)

ಮೊನ್ನೆ ಅಪ್ಪನನ್ನ ಮನೆಗೆ ಕರಕೊಂಡು ಬಂದೆವು. ನಳಿಗೆ ತೆಗೆದಿದ್ದಾರೆ. ಗಟ್ಟಿ ಗಂಜಿ ನುಂಗ್ತಾರೆ, ನೀರು ಇನ್ನೂ ಚಮಚದಲ್ಲೇ. ಒಬ್ಬರು ಹಿಡಿದರೆ ಜಗುಲಿಯಿಂದ ಅಂಗಳದವರೆಗೆ ನಡೀತಾರೆ. ಕತ್ತಿನ ನಾಳದಲ್ಲಿ ಸ್ವಲ್ಪ ಕೊಬ್ಬು ಇದೆ, ಆಪರೇಷನ್ ಬೇಡ, ಮಾತ್ರೆ ಸಾಕು ಅಂದಿದ್ದಾರೆ. ಬಿ.ಪಿ. ಮಾತ್ರೆ, ಆಸ್ಪಿರಿನ್, ಕೊಬ್ಬಿನದ್ದು, ಮೂರೂ ಜೀವನಪೂರ್ತಿ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಅಮ್ಮ ದಿನಾ ಬಿ.ಪಿ. ಬರೆದಿಡ್ತಾರೆ. ಉಪ್ಪಿನಕಾಯಿ ಭರಣಿ ಚಿಕ್ಕಪ್ಪನ ಮನೆಗೆ ಹೋಯ್ತು.

ಸಿ.ಟಿ. ಇರೋ ಆಸ್ಪತ್ರೆ ಯಾವ್ಯಾವುದು, ನಮ್ಮೂರಿನಿಂದ ಎಷ್ಟು ದೂರ, ರಾತ್ರಿ ಗಾಡಿ ಕೊಡೋರು ಯಾರು ಅಂತ ಚಿಕ್ಕಪ್ಪ ಒಂದು ಹಾಳೆಯಲ್ಲಿ ಬರೆದು ಹಾಲಿನ ಸೊಸೈಟಿ ಗೋಡೆಗೆ ಅಂಟಿಸಿದ್ದಾರೆ. ಮೇಲೆ ದೊಡ್ಡದಾಗಿ: ನೋವಿಲ್ಲದಿದ್ದರೂ ಹೊರಡಿ.

ಮಾತು ಬಂದಿಲ್ಲ. ಆದರೆ ಕಾಲು ಎತ್ತಿಸುವಾಗ ನಾನು ಒಂದು, ಎರಡು ಅಂತ ಎಣಿಸ್ತಿದ್ದೆ. ನಾಲ್ಕು ಅನ್ನೋಕೆ ಮೊದಲೇ ಅಪ್ಪ ನಾಲ್ಕು ಅಂದರು. ಹತ್ತರವರೆಗೂ ಹೇಳಿದರು.

ಕಡಲಕರೆ ಅವರೇ, ಒಂದು ಕೇಳಬೇಕಿತ್ತು. ಬಲಗೈ ಹೆಬ್ಬೆರಳು, ತೋರುಬೆರಳು ಸ್ವಲ್ಪ ಕೂಡ್ತಾ ಇವೆ. ಅಂಗಳದಲ್ಲಿ ಅಡಿಕೆ ಸುಲಿಯೋ ಕಡೆಗೇ ನೋಡ್ತಾ ಕೂರ್ತಾರೆ. ಮೆಟ್ಟುಗತ್ತಿ ಹತ್ತಿರ ಕೂರಿಸಬಹುದಾ?

ಕಡಲಕರೆ (ಭಾನುವಾರ, ರಾತ್ರಿ 8:40)

ಕತ್ತಿ ಈಗ ಬೇಡ. ಅಡಿಕೆ ಕೊಡಿ. ಎರಡು ಬುಟ್ಟಿ ಇಡಿ, ಒಂದರಿಂದ ಇನ್ನೊಂದಕ್ಕೆ ಬಲಗೈಯಲ್ಲೇ ಒಂದೊಂದಾಗಿ ಹಾಕಲಿ. ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಲಿ, ಅದು ಸಹಾಯಕ್ಕೆ ಬರಬಾರದು. ಬಾಯಲ್ಲಿ ಎಣಿಸಿಕೊಂಡೇ ಹಾಕಲಿ, ದಿನಾ ಬೆಳಿಗ್ಗೆ ಐವತ್ತು, ಸಂಜೆ ಐವತ್ತು.